ಜುಟ್ಟಿಗೆ ಜುಟ್ಟು ಕೂಡದು

ಕ್ಯಾನರಿ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ತೋರಿಸುವುದು ಜುಟ್ಟಿನ ಜೋಡಿಯನ್ನು. ನಡುನೆತ್ತಿಯಿಂದ ಸುತ್ತಲೂ ಇಳಿಬಿದ್ದ ಗರಿ, ಅದರಡಿಯಿಂದ ಇಣುಕುವ ಕಣ್ಣು, ಎರಡೂ ಒಂದೇ ಅಚ್ಚು. ನೋಡಲು ಚೆಂದವೇ. ಮರಿ ಮಾಡಿಸುವ ಆಸೆಯಿದ್ದರೆ ಮಾತ್ರ ಅದರಲ್ಲಿ ಒಂದನ್ನು ಅಲ್ಲೇ ಬಿಟ್ಟು ಬನ್ನಿ.

ಇದು ಗ್ಲಾಸ್ಟರ್ ತಳಿ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನ ಶ್ರೀಮತಿ ರೋಜರ್‌ಸನ್ ಎಂಬಾಕೆ ಜುಟ್ಟಿನ ರೋಲರ್ ಹಕ್ಕಿಗಳನ್ನು ಪುಟ್ಟ ಬಾರ್ಡರ್ ಕ್ಯಾನರಿಗಳೊಂದಿಗೆ ಕೂಡಿಸಿ ಪಡೆದದ್ದು. 1925ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಜುಟ್ಟಿದ್ದರೆ ಕರೋನಾ, ಬೋಳುತಲೆಯಾದರೆ ಕಾನ್ಸೋರ್ಟ್. ಹೆಸರು ಕೇಳಿ ಬೆಚ್ಚಬೇಡಿ, ಆ ರೋಗ ಬರುವ ಎಷ್ಟೋ ಮುಂಚಿನದು ಈ ಹಕ್ಕಿ. ಜುಟ್ಟಿನ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಉಳಿಯುವುದಿಲ್ಲ. ಎರಡು ಕರೋನಾ ಕೂಡಿಸಿದಿರೋ, ಸರಾಸರಿ ನಾಲ್ಕರಲ್ಲಿ ಒಂದು ಮರಿಯ ಆಸೆ ಬಿಡಬೇಕು. ಕರೋನಾಗೆ ಕಾನ್ಸೋರ್ಟ್ ಕೂಡಿಸಿದರೆ ಅರ್ಧ ಜುಟ್ಟು, ಅರ್ಧ ಬೋಳು, ನಷ್ಟವಿಲ್ಲ. ಜಾತಕ ನೋಡುವವರಿಗೆ ಸಗೋತ್ರ ಆಗದ ಹಾಗೆ ನಮಗೆ ಸಜುಟ್ಟು ಆಗದು.

ಆದರೂ ಬೋಳುತಲೆಯದನ್ನು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ದುಡ್ಡು ಸುರಿಯಬೇಕಾದ್ದು ಅದರ ಮೇಲೆಯೇ. ಅಗಲ ನೆತ್ತಿ, ದಪ್ಪ ಹುಬ್ಬಿನ ಕಾನ್ಸೋರ್ಟ್ ಇದ್ದರೆ ಮರಿಗಳ ಜುಟ್ಟು ತುಂಬಿಕೊಂಡು ಬರುತ್ತದೆ. ಗರಿಯ ವಿಷಯಕ್ಕೂ ಸಜುಟ್ಟಿನ ಮಾತೇ, ಒಂದೇ ಬಗೆಯದನ್ನು ಕೂಡಿಸುತ್ತ ಹೋಗಬಾರದು: ಬಣ್ಣ ಅಂಚಿನವರೆಗೂ ತುಂಬಿದ ಬಿಗಿಗರಿಯದು ಯೆಲ್ಲೋ, ಅಂಚು ಮಾಸಿದ ಅಗಲ ಗರಿಯದು ಬಫ್. ತಲೆಮಾರುಗಟ್ಟಲೆ ಬಫ್‌ಗೆ ಬಫ್ ಕೂಡಿಸುತ್ತ ಹೋದರೆ ಗರಿ ಹೊರಬರಲಾರದೆ ಚರ್ಮದೊಳಗೇ ಸುರುಳಿಗಟ್ಟಿ ಗಂಟಾಗುತ್ತದೆ.

ಕ್ಯಾನರಿಗೆ ಗೂಡಿನ ಹುಕಿ ಹತ್ತಿಸುವುದು ಹಿಗ್ಗುವ ಹಗಲು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ತಾಸಿನಷ್ಟೇ ಅಂತರ. ಹಾಗಾಗಿ ಸಂಕ್ರಾಂತಿಯ ಆಸುಪಾಸಿನಿಂದ ಬೆಳಗಿನ ಜಾವ ಒಂದು ಬಲ್ಬು ಹಾಕಿ, ದಿನಕ್ಕಿಷ್ಟು ಎಂದು ಬೆಳಕು ಹೆಚ್ಚಿಸಬೇಕು. ಏಪ್ರಿಲ್ ಬಿಸಿಲಿಗೆ ಮೊದಲು ಮೊದಲ ಮರಿಗಳು ಗೂಡು ಬಿಟ್ಟರೆ ಒಳ್ಳೆಯದು.

ನಿಜವಾದ ಕೈಚಳಕ ಬೇಕಾಗುವುದು ಮೊಟ್ಟೆಯ ದಿನಗಳಲ್ಲಿ. ಹೆಣ್ಣು ದಿನಕ್ಕೊಂದರಂತೆ, ಬೆಳಗ್ಗೆ ಬೇಗ, ತಿಳಿನೀಲಿಗೆ ಕಂದು ಚುಕ್ಕೆಯ ಮೊಟ್ಟೆ ಇಡುತ್ತದೆ. ಒಟ್ಟು ನಾಲ್ಕೋ ಐದೋ. ಮೊದಲನೆಯದಕ್ಕೇ ಕಾವು ಕೂತುಬಿಟ್ಟರೆ ಹಿರಿಮರಿ ಕಿರಿಯದಕ್ಕಿಂತ ಮೂರು ದಿನ ದೊಡ್ಡದು. ಗುಟುಕಿಗೆ ಕತ್ತು ಚಾಚುವಾಗ ಕಿರಿಯದು ಅಡಿಗೆ ಬೀಳುತ್ತದೆ. ಆದ್ದರಿಂದ ಇಟ್ಟ ಮೊಟ್ಟೆಯನ್ನು ಚಮಚದಲ್ಲಿ ಎತ್ತಿ, ಅಲ್ಲೊಂದು ಪ್ಲಾಸ್ಟಿಕ್ ಮೊಟ್ಟೆ ಇಡುವುದು ವಾಡಿಕೆ. ಅಸಲಿ ಮೊಟ್ಟೆ ಹತ್ತಿ ಹಾಸಿದ ಡಬ್ಬಿಯಲ್ಲಿ, ದಿನವೂ ಮೆಲ್ಲಗೆ ಮಗ್ಗುಲು ಬದಲಿಸುತ್ತ. ನಾಲ್ಕನೆಯ ಬೆಳಗ್ಗೆ ಎಲ್ಲವನ್ನೂ ಒಟ್ಟಿಗೆ ಹಿಂದಕ್ಕೆ. ಕಾವು ಕೂತ ಆರನೆಯ ರಾತ್ರಿ ಮೊಬೈಲಿನ ಟಾರ್ಚ್ ಮೇಲೆ ಹಿಡಿದು ನೋಡಿ: ಕೆಂಪು ಎಳೆಗಳು ಜೇಡನ ಕಾಲಿನಂತೆ ಹರಡಿದ್ದರೆ ಜೀವವಿದೆ, ಬರೀ ತಿಳಿಯಾಗಿದ್ದರೆ ಗೊಡ್ಡು. ಕಾವು ಕೂತ ಹದಿಮೂರು-ಹದಿನಾಲ್ಕು ದಿನಕ್ಕೆ ಚಿಪ್ಪು ಒಡೆಯುತ್ತದೆ.

ಮರಿಗಳಿಗೆ ಬೇಯಿಸಿದ ಕೋಳಿಮೊಟ್ಟೆಯನ್ನು ರಸ್ಕ್ ಪುಡಿಯಲ್ಲಿ ಕಲಸಿ, ಹಳಸುವ ಮುಂಚೆ ಬದಲಿಸುತ್ತ ಇಡುವುದು. ಕಾಲಿಗೆ ಉಂಗುರ ತೊಡಿಸುವವರು ಒಂದು ವಾರದೊಳಗೆ ತೊಡಿಸಬೇಕು, ಆಮೇಲೆ ಪಾದ ತೂರುವುದಿಲ್ಲ.

ಹದಿನೆಂಟು ದಿನಕ್ಕೆ ಗೂಡು ಬಿಟ್ಟ ಮರಿಯ ಬಾಲದ ಗರಿಯನ್ನು ತಾಯಿಯೇ ಕಿತ್ತು ಮುಂದಿನ ಗೂಡಿಗೆ ಹಾಸುವುದುಂಟು! ಕ್ರೌರ್ಯವಲ್ಲ, ಅವಸರ. ಮೊದಲೇ ಸೆಣಬಿನ ನಾರು, ಹತ್ತಿ ಇಟ್ಟಿರಿ. ಆದರೂ ಬಿಡದಿದ್ದರೆ ಪಂಜರದ ನಡುವೆ ಜಾಲರಿ ಹಾಕಿ ಮರಿಗಳನ್ನು ಬೇರೆ ಮಾಡಿ. ಕಾಳು ಒಡೆಯಲು ಕಲಿಯುವವರೆಗೆ, ಅಂದರೆ ನಾಲ್ಕು ವಾರ ತುಂಬುವವರೆಗೆ, ಗಂಡು ಜಾಲರಿಯ ಸಂದಿಯಿಂದಲೇ ಗುಟುಕು ಕೊಡುತ್ತದೆ. ಎರಡು ಕಾವಾದ ಮೇಲೆ ನಾನು ಗೂಡನ್ನೇ ತೆಗೆದುಬಿಡುತ್ತೇನೆ. ಹೆಣ್ಣು ಮೂರನೆಯದಕ್ಕೂ ತಯಾರೇ. ಆದರೆ ಹಳೆಗರಿ ಉದುರಿಸಿ ಹೊಸದು ತೊಡಲು ಮೈಯಲ್ಲಿ ಕಸುವು ಉಳಿದಿರಬೇಕಲ್ಲ.