ಉತ್ತರ ಬಂತಲ್ಲ, ಪ್ರಿಂಟಿಗೆ ಕಳಿಸಿ!

2008ರಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದಲ್ಲಿ ಒಂದು ರಸ್ತೆ ಬೋರ್ಡು ಹಾಕಿದರು. ಮೇಲೆ ಇಂಗ್ಲಿಷಿನಲ್ಲಿ, ಭಾರಿ ವಾಹನಗಳಿಗೆ ಪ್ರವೇಶ ಇಲ್ಲ ಅಂತ. ಕೆಳಗೆ ವೆಲ್ಷ್ ಭಾಷೆಯಲ್ಲಿ, ನಾನೀಗ ಕಚೇರಿಯಲ್ಲಿಲ್ಲ, ಅನುವಾದ ಆಗಬೇಕಾದ್ದನ್ನು ಕಳಿಸಿ ಅಂತ! ಅನುವಾದ ಕೇಳಿ ಕಳಿಸಿದ ಮೇಲ್‌ಗೆ ಬಂದ ಆಟೋ ರಿಪ್ಲೈ ಅದು. ಉತ್ತರ ಬಂತಲ್ಲ ಅಂದುಕೊಂಡು ಹಾಗೇ ಬೋರ್ಡಿಗೇರಿಸಿಬಿಟ್ಟಿದ್ದರು.

ಈ ಫೋಟೊ ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ. ನಾನೂ ನಕ್ಕು ಫಾರ್ವರ್ಡ್ ಮಾಡಿದವನೇ. ಆಮೇಲೆ ಯೋಚನೆ ಹತ್ತಿತು. ಬರೆದವರಿಂದ ಹಿಡಿದು ಕಂಬ ನೆಟ್ಟವರ ತನಕ, ಆ ಎರಡು ಸಾಲನ್ನು ಒಬ್ಬರೂ ಓದಿ ನೋಡಿಲ್ಲವಲ್ಲ! ಅದಕ್ಕೆ ಎರಡು ವರ್ಷ ಮುಂಚೆ ಕಾರ್ಡಿಫ್‌ನಲ್ಲಿ ರಸ್ತೆ ದಾಟುವವರಿಗೆ ಇಂಗ್ಲಿಷ್ ಬಲಕ್ಕೆ ನೋಡಿ ಅಂದರೆ ವೆಲ್ಷ್ ಎಡಕ್ಕೆ ನೋಡಿ ಅಂದಿತ್ತು. ಇದಕ್ಕೆ ನಗೋದು ಸ್ವಲ್ಪ ಕಷ್ಟ. ವೆಲ್ಷ್ ನಂಬಿ ಹೆಜ್ಜೆ ಇಟ್ಟವನ ಗತಿ?

ಈ ಬೋರ್ಡುಗಳು ಪುಕ್ಕಟೆ ಬಂದದ್ದೂ ಅಲ್ಲ. 1960-70ರ ದಶಕದಲ್ಲಿ ಅಲ್ಲಿನ ಹುಡುಗ ಹುಡುಗಿಯರು ಇಂಗ್ಲಿಷ್ ಹೆಸರುಗಳ ಮೇಲೆ ಬಣ್ಣ ಬಳಿದು, ಬೋರ್ಡು ಕಿತ್ತು, ಜೈಲಿಗೂ ಹೋಗಿದ್ದರು. 2016ರ ನಿಯಮಗಳ ಪ್ರಕಾರ ಹೊಸ ಬೋರ್ಡುಗಳಲ್ಲಿ ವೆಲ್ಷ್ ಮೊದಲು ಬರಬೇಕು. ಸಾಲು ಮೇಲೆ ಕೆಳಗಾದರೆ ಏನು ಮಹಾ ಅನ್ನಬೇಡಿ. ಮೊದಲ ಸಾಲು ಇಲ್ಲದೆ ಬೋರ್ಡೇ ಆಗೋದಿಲ್ಲ. ಎರಡನೆಯದು ಎಷ್ಟೋ ಸಲ ಉಳಿದ ಜಾಗ ತುಂಬುವ ಕೆಲಸ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ನಾಮಫಲಕದ 60% ಭಾಗ ಕನ್ನಡದಲ್ಲಿರಬೇಕು ಅಂತ ಕಾನೂನು ಬಂತು. ಬರಲೇಬೇಕಿತ್ತು. ಆದರೆ ಅಗಲ ಎತ್ತರ ಅಳೆಯೋಕೆ ಟೇಪಿದೆ, ಕಾಗುಣಿತ ಅಳೆಯೋಕೆ ಇಲ್ಲ.

ಇಷ್ಟರವರೆಗೆ ನಾವು ವೆಲ್ಷ್ ಜನರ ಕಡೆಯವರು. ಮಂಗಳೂರಿಗೆ ಹೋದರೆ ಕಡೆ ಬದಲಾಗಿಬಿಡುತ್ತೆ. ತುಳುವರಿಗೆ ಆ ಊರು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಹೆದ್ದಾರಿ ಬೋರ್ಡಿನಲ್ಲಿ ಕನ್ನಡದ ಮಂಗಳೂರು, ಇಂಗ್ಲಿಷಿನ ಮಂಗಳೂರು, ಅಷ್ಟೇ. ಕೇಳಿದರೆ ನಮ್ಮಲ್ಲೇ ಒಂದು ಸಿದ್ಧ ಉತ್ತರ ಇದೆ: ತುಳುವರಿಗೆ ಕನ್ನಡ ಓದೋಕೆ ಬರುತ್ತಲ್ವಾ? ಬರುತ್ತೆ. ಸ್ವಾನ್ಸಿಯವರಿಗೂ ಇಂಗ್ಲಿಷ್ ಬರುತ್ತೆ. ನಿಮಗೂ ಇಂಗ್ಲಿಷ್ ಬರುತ್ತಲ್ವಾ, ಕನ್ನಡ ಬೋರ್ಡು ಯಾಕೆ ಅಂತ ಎಂಜಿ ರಸ್ತೆಯಲ್ಲಿ ಯಾರಾದ್ರೂ ಕೇಳಿದರೆ ನಾವು ಸುಮ್ನಿರ್ತೀವಾ?

ಯಾವ ಲಿಪಿ ಅನ್ನುವ ಜಗಳ ಬೇರೆ ಇದೆ. ತುಳುವಿಗೆ ಅದರದ್ದೇ ಲಿಪಿ ಬೇಕು ಅನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಜಗಳ ಮುಗಿಯುವ ತನಕ ಕಾಯಬೇಕಾಗಿಲ್ಲ, ಸದ್ಯಕ್ಕೆ ಕನ್ನಡ ಅಕ್ಷರದಲ್ಲೇ ಕುಡ್ಲ ಅಂತ ಬರೆಯಬಹುದು. ಬೋರ್ಡು ನೆಡುವ ಮೊದಲು ಮಾತ್ರ ಅಲ್ಲೇ ಹತ್ತಿರದ ಆಟೋ ಸ್ಟ್ಯಾಂಡಿನಲ್ಲಿ ಒಮ್ಮೆ ತೋರಿಸಿ, ಮಾರಾಯ್ರೆ. ಮೇಲ್ ಕಳಿಸಿ ಕೂರಬೇಡಿ.