ಕಿವಿಗೂ ಒಂದು ಪುಸ್ತಕ

ಗ್ರಂಥಾಲಯವೆಂದರೆ ನನಗೆ ಬೈಂಡು ಹಾಕಿದ ಪುಸ್ತಕದ ವಾಸನೆ, ಕೊನೆಯ ಪುಟದಲ್ಲಿ ತಾರೀಖಿನ ಮುದ್ರೆ. ಫೋನಿಗೇ ಪುಸ್ತಕ ಇಳಿಸಿಕೊಳ್ಳಬಹುದು, ಕೇಳಲೂಬಹುದು ಎಂದು ವಿದ್ಯಾರ್ಥಿನಿಯೊಬ್ಬಳು ಹೇಳಿದಾಗ, 'ಕೇಳುವುದು ಓದಲ್ಲಮ್ಮ' ಎಂದು ಉಪದೇಶ ಮಾಡಿದ್ದೆ.

ನನ್ನ ಹಟ ಸಡಿಲವಾದದ್ದು ಅಮ್ಮನಿಂದ. ತ್ರಿವೇಣಿಯವರ ಕಾದಂಬರಿಗಳೆಂದರೆ ಅಮ್ಮನಿಗೆ ಪ್ರಾಣ. ಪೊರೆ ತೆಗೆಸಿದ ಮೇಲೂ ಅವರ ಕಣ್ಣಿಗೆ ಸಣ್ಣ ಅಕ್ಷರ ಹತ್ತುತ್ತಿಲ್ಲ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಲೇಖಕರ ಮರಣಾನಂತರ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುವುದು ನಮ್ಮ ಕಾನೂನು. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು 2024ರಿಂದ ಎಲ್ಲರ ಸೊತ್ತು. ಯಾವ ಗ್ರಂಥಾಲಯವೂ ಅವನ್ನು ಧಾರಾಳವಾಗಿ ಹಂಚಬಹುದು.

ಆ ಆಸೆಯಿಂದಲೇ ಒಂದು ಇ-ಗ್ರಂಥಾಲಯ ಹೊಕ್ಕು ಹಳೆಯ ಕಾದಂಬರಿಯೊಂದನ್ನು ಇಳಿಸಿಕೊಂಡೆ. ಬಂದದ್ದು ಪುಸ್ತಕವಲ್ಲ, ಪುಟಗಳ ಫೋಟೋ! ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ. ಅರ್ಧ ಸಾಲಿಗೆ ಎಡಕ್ಕೆ, ಇನ್ನರ್ಧಕ್ಕೆ ಬಲಕ್ಕೆ ತಳ್ಳಬೇಕು. ಅಮ್ಮ ಎರಡನೇ ಪುಟಕ್ಕೇ ಫೋನ್ ಕೆಳಗಿಟ್ಟರು. ಪಠ್ಯವನ್ನು ಅಕ್ಷರರೂಪದಲ್ಲಿ ಕೂರಿಸಿದ್ದರೆ ಎಷ್ಟು ಹಿಗ್ಗಿಸಿದರೂ ಸಾಲು ತಾನಾಗಿ ಮಡಚಿಕೊಳ್ಳುತ್ತದೆ. ಫೋನೇ ಓದಿ ಹೇಳಲೂಬಲ್ಲದು. ಆದರೆ ಯಂತ್ರದ ದನಿಗೆ ಮದುವೆ ಮನೆಯೂ ಒಂದೇ, ಸಾವಿನ ಮನೆಯೂ ಒಂದೇ.

ಕೊನೆಗೆ ನಾನೇ ದಿನಕ್ಕೊಂದು ಅಧ್ಯಾಯ ಓದತೊಡಗಿದೆ. ಕಥೆ ಕೇಳುತ್ತ ಅಮ್ಮ ಅವರೆಕಾಯಿ ಬಿಡಿಸುತ್ತಾರೆ, ನಡುವೆ ನಿಲ್ಲಿಸಿ ಜಗಳ ತೆಗೆಯುತ್ತಾರೆ: "ಅವಳು ಹಾಗೆ ಸುಮ್ಮನಿರಬಾರದಿತ್ತು ಕಣೇ." ಇದು ಓದಲ್ಲದೆ ಇನ್ನೇನು? ಅಕ್ಷರ ಬಾರದ ಎಷ್ಟೋ ಅಜ್ಜಿಯರು ಕುಮಾರವ್ಯಾಸನನ್ನು ಅರಿತದ್ದು ಗಮಕಿಗಳ ಬಾಯಿಂದ ತಾನೆ? ತರಗತಿಯಲ್ಲಿ ನಾನಾಡಿದ ಮಾತನ್ನು ಹಿಂತೆಗೆದುಕೊಂಡಿದ್ದೇನೆ.

ಹಾಗೆಂದು ದೂರನ್ನು ಹಿಂತೆಗೆದುಕೊಂಡಿಲ್ಲ. ಎಷ್ಟು ಸಾವಿರ ಪುಸ್ತಕ ಏರಿಸಿದ್ದೇವೆ ಎಂಬ ಲೆಕ್ಕ ಗ್ರಂಥಾಲಯದ ಹಿರಿಮೆಯಲ್ಲ. ಮಂದಗಣ್ಣಿನವರಿಗೆ, ಅಡಿಗೆಮನೆಯಲ್ಲಿ ಕೈ ಒದ್ದೆಯಾಗಿರುವವರಿಗೆ ಅವುಗಳಲ್ಲಿ ಎಷ್ಟು ದಕ್ಕಿದವು ಎಂಬುದೇ ಲೆಕ್ಕ. ಊರೂರಿನಲ್ಲೂ ಸ್ಪಷ್ಟವಾಗಿ ಓದಬಲ್ಲ ನಿವೃತ್ತ ಶಿಕ್ಷಕಿಯರಿದ್ದಾರೆ. ಅವರನ್ನು ಕರೆದು ಓದಿಸಿ ಧ್ವನಿಮುದ್ರಿಸಲಿ. ಇದು ಬೇಡಿಕೆಯೇ ಹೊರತು ಭಿಕ್ಷೆಯಲ್ಲ: 1965ರ ಗ್ರಂಥಾಲಯ ಕಾಯಿದೆಯಂತೆ ಮನೆ ಕಂದಾಯದ ಜೊತೆ ನಾವೂ ಗ್ರಂಥಾಲಯ ಕರ ಕಟ್ಟುತ್ತೇವಲ್ಲ!

ಅಲ್ಲಿಯವರೆಗೆ ಅಮ್ಮನ ಗ್ರಂಥಾಲಯ ನಾನೇ. ರಾತ್ರಿ ಎಂಟಕ್ಕೆ ತೆರೆಯುತ್ತದೆ, ಗಂಟಲು ಕಟ್ಟಿದ ದಿನ ರಜೆ.