ಟಾರ್ಚಿನ ಬೆಳಕು, ಮಾತ್ರೆಯ ಕನಸು

ಲೂಸಿಯಾ ಎಂದೊಡನೆ ನಮ್ಮ ಕುಟುಂಬಗಳಲ್ಲಿ ನೆನಪಾಗುವುದು ಡಿಸೆಂಬರ್ 13ರ ಹಬ್ಬ, ಕಣ್ಣುನೋವಿನವರು ಮೊರೆಹೋಗುವ ಸಿರಾಕೂಸಿನ ಕನ್ಯೆ, ರಕ್ತಸಾಕ್ಷಿ. ಬೆಳಕು ಎಂಬ ಅರ್ಥದ ಲತೀನ್ ಪದದಿಂದ ಬಂದ ಹೆಸರದು. ಪವನ್ ಕುಮಾರ್ ನಿರ್ದೇಶಿಸಿ 2013ರಲ್ಲಿ ತೆರೆಕಂಡ ‘ಲೂಸಿಯಾ’ ಚಿತ್ರದಲ್ಲಿ ಅದೇ ಹೆಸರು ಒಂದು ಮಾದಕ ಮಾತ್ರೆಯದಾಗಿದೆ. ಈ ವ್ಯಂಗ್ಯ ನಿರ್ದೇಶಕರ ಮನಸ್ಸಿನಲ್ಲಿತ್ತೋ ಇಲ್ಲವೋ, ನನಗಂತೂ ಚಿತ್ರ ಮುಗಿಯುವವರೆಗೂ ಅದು ಮರೆಯಲಿಲ್ಲ.

ಇಚಿಲಂಪಾಡಿಯಲ್ಲಿ ಕಾಲೇಜು ವಿದ್ಯಾರ್ಥಿಗಳೂ ಅವರ ಹೆತ್ತವರೂ ಸೇರಿದ್ದ ಒಂದು ಸಂಜೆ ಈ ಚಿತ್ರವನ್ನು ಮತ್ತೆ ನೋಡಿದೆ. ಮಾದಕವಸ್ತುಗಳ ವಿಚಾರವಾಗಿ ಇನ್ನೊಂದು ಭಾಷಣ ಮಾಡುವುದಕ್ಕಿಂತ ಒಂದು ಕಥೆಯನ್ನು ನೋಡಿ ಮಾತನಾಡುವುದು ಲೇಸೆಂದು ತೋರಿತ್ತು. ಸುಮಾರು 110 ಮಂದಿ ಸಾಮಾನ್ಯರು ಹಣ ಕೂಡಿಸಿ ಮಾಡಿದ ಚಿತ್ರವಿದು ಎಂದಾಗ, ‘ಹಾಗಾದರೆ ನಾವು ಇಗರ್ಜಿ ಕಟ್ಟಿದ ಹಾಗೆ’ ಎಂದರು ಹಿರಿಯರೊಬ್ಬರು.

ನಿಕ್ಕಿ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಆಸನ ತೋರಿಸುವ ಹುಡುಗ. ಅವನಿಗೆ ರಾತ್ರಿ ನಿದ್ದೆ ಬಾರದು. ಸಿಕ್ಕ ಮಾತ್ರೆ ಬರೀ ನಿದ್ದೆ ಕೊಡುವುದಲ್ಲ, ಬಯಸಿದ ಬದುಕನ್ನೇ ಕನಸಾಗಿ ಕೊಡುತ್ತದೆ. ನಿನ್ನೆ ಬಿಟ್ಟಲ್ಲಿಂದ ಇಂದು ಮುಂದುವರಿಯುವ ಕನಸು ಅದು. ಅದರಲ್ಲಿ ಅವನು ಪ್ರಸಿದ್ಧ ಚಿತ್ರನಟ. ಎರಡೂ ಪಾತ್ರಗಳಲ್ಲಿ ಸತೀಶ್ ನೀನಾಸಂ ಅವರ ಅಭಿನಯ ಸಹಜವಾಗಿದೆ. ಟಾರ್ಚಿನ ಹುಡುಗನ ನಡಿಗೆಯೇ ಬೇರೆ, ನಟನ ನಡಿಗೆಯೇ ಬೇರೆ.

ವರ್ಷಗಳು ಕಳೆದಿರುವುದರಿಂದ ಚಿತ್ರದ ಗುಟ್ಟನ್ನು ಹೇಳಿದರೆ ತಪ್ಪಾಗಲಾರದು. ನಾವು ನಿಜವೆಂದು ನಂಬಿದ್ದ ಟಾರ್ಚಿನ ಹುಡುಗನ ಬದುಕೇ ಕನಸು. ನಟನ ಬದುಕೇ ಎಚ್ಚರದ್ದು. ಎಲ್ಲವೂ ಇದ್ದು ನೆಮ್ಮದಿಯಿಲ್ಲದವನು, ಏನೂ ಇಲ್ಲದವನ ದಿನಗಳನ್ನು ಕನಸಿನಲ್ಲಿ ಬೇಡುತ್ತಾನೆ. ಹುಡುಗನ ಬದುಕಿಗೆ ಬಣ್ಣವಿದೆ, ನಟನ ಬದುಕು ಕಪ್ಪು ಬಿಳುಪು. ಮೊದಲ ಸಲ ನೋಡುವಾಗ ಇದು ಬರೀ ಗುರುತಿಗೆಂದು ಭಾವಿಸಿದ್ದೆ. ಎರಡನೆಯ ಸಲ ಹೃದಯ ಭಾರವಾಯಿತು. ಪ್ರಿಯ ಓದುಗರೇ, ನಸುಕಿನಲ್ಲಿ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಡುವ ನಿಮ್ಮ ಬದುಕನ್ನು ಯಾರಾದರೂ ಮಾತ್ರೆ ನುಂಗಿ ಕನಸಿನಲ್ಲಿ ಕಾಣಬಯಸಿಯಾರೆಂದು ಎಂದಾದರೂ ಊಹಿಸಿದ್ದೀರಾ? ಇಷ್ಟು ಆಳವಾಗಿ ಈ ಮಾತನ್ನು ಹೇಳಿದ ಪ್ರಬೋಧನೆಯನ್ನು ನಾನಂತೂ ಮಾಡಿಲ್ಲ.

ಆದರೆ ನನ್ನ ತಕರಾರೂ ಉಂಟು. ಪವಿತ್ರ ಗ್ರಂಥದಲ್ಲಿ ಕನಸುಗಳಿಗೆ ಕೊರತೆಯಿಲ್ಲ. ಮತ್ತಾಯನ ಶುಭಸಂದೇಶದಲ್ಲಿ ಸಂತ ಜೋಸೆಫರು ಕನಸು ಕಂಡು ಏಳುತ್ತಾರೆ. ಎದ್ದು ಮರಿಯಳನ್ನು ಸ್ವೀಕರಿಸುತ್ತಾರೆ, ಇನ್ನೊಮ್ಮೆ ತಾಯಿಮಗುವನ್ನು ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಡುತ್ತಾರೆ. ಆ ಕನಸು ಮನುಷ್ಯನನ್ನು ಎಬ್ಬಿಸಿ ಇನ್ನೊಬ್ಬರ ಹೊಣೆ ಹೊರಿಸುತ್ತದೆ. ಮಾತ್ರೆಯ ಕನಸು ಮರಳಿ ಮಲಗಲು ಕರೆಯುತ್ತದೆ. ಮಾತ್ರೆ ಬಿಟ್ಟರೆ ಕನಸು ದುಃಸ್ವಪ್ನವಾಗುವುದೆಂದು ಚಿತ್ರವೂ ಎಚ್ಚರಿಸುತ್ತದೆ, ನಿಜ. ಆದರೂ ಅದು ಕಾಣಿಸುವ ಕನಸು ಎಷ್ಟು ಸುಂದರವೆಂದರೆ ಎಚ್ಚರಿಕೆಯ ಮಾತು ಹಿಂದೆ ಸರಿಯುತ್ತದೆ. ಅಲ್ಲಿದ್ದ ತರುಣನೊಬ್ಬ, ‘ಅಂಥದೊಂದು ಮಾತ್ರೆ ಇದ್ದಿದ್ದರೆ!’ ಎಂದು ಮೆಲ್ಲನೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ತನ್ನ 2291ನೆಯ ಪರಿಚ್ಛೇದದಲ್ಲಿ, ಚಿಕಿತ್ಸೆಗಲ್ಲದೆ ಮಾದಕವಸ್ತು ಸೇವಿಸುವುದನ್ನು ಗಂಭೀರ ಅಪರಾಧವೆನ್ನುತ್ತದೆ. ಗುಟ್ಟಾಗಿ ತಯಾರಿಸಿ ಮಾರುವವರನ್ನೂ ಬಿಡುವುದಿಲ್ಲ. ಇದನ್ನು ನಾನು ಅಂದು ಓದಿ ಹೇಳಿದೆ. ಮಕ್ಕಳು ಸುಮ್ಮನೆ ಕೇಳಿದರು. ಅವರನ್ನು ತಟ್ಟಿದ್ದು ನನ್ನ ಓದಲ್ಲ.

ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಕೇಳಿದರು: ‘ಫಾದರ್, ಆ ಹುಡುಗ ಮಾತ್ರೆ ತಿಂದು ಮಲಗಿದ. ಅವನು ಏಳುತ್ತಾನೋ ಇಲ್ಲವೋ ಎಂದು ರಾತ್ರಿಯೆಲ್ಲ ಕೂತು ನೋಡುವವರನ್ನು ಅವರು ಯಾಕೆ ತೋರಿಸಲಿಲ್ಲ?’

ಅಪರೂಪದ ಬುದ್ಧಿವಂತಿಕೆಯಿಂದ ಮಾಡಿದ ಈ ಚಿತ್ರದ ದೊಡ್ಡ ಕೊರತೆಯೇ ಅದು. ನಿದ್ದೆಗೆಟ್ಟವನ ಬಗ್ಗೆ ಅಷ್ಟು ಹೇಳಿದ ಕಥೆ, ಅವನಿಂದಾಗಿ ನಿದ್ದೆಗೆಡುವ ಮನೆಯ ಬಗ್ಗೆ ಬಹಳ ಕಡಿಮೆ ಹೇಳುತ್ತದೆ. ಆ ತಾಯಿಗೆ ನಾನು ಉತ್ತರಿಸುವ ಮೊದಲೇ, ಮಾತ್ರೆಗಾಗಿ ಆಸೆಪಟ್ಟಿದ್ದ ತರುಣ ತಿರುಗಿ ಅವರ ಕಡೆ ನೋಡಿದ.